ಹೆಚ್ಚು ಬಡ್ಡಿಯ ಠೇವಣಿ

ಆ ಬೀದಿಯ ಕ್ಷೌರಿಕನ ಕತ್ತರಿಗಿಂತ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ನಗುತ್ತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದ ಮೇಲೆ ಅವರು ಎದ್ದು ಓಡುವಂತಿರಲಿಲ್ಲ. ದುಡ್ಡು ಎಲ್ಲಿಡಬೇಕೆಂಬ ಅವನ ಉಪದೇಶ ಶುರುವಾಗುತ್ತಿತ್ತು. ಉಳಿಸಿದ್ದನ್ನೆಲ್ಲ ಅವನು ಐದು ವರ್ಷದ ಠೇವಣಿಯಲ್ಲಿ ಇಟ್ಟಿದ್ದ. ಅವಧಿ ಮುಗಿಯುವವರೆಗೆ ಮುಟ್ಟುವಂತಿಲ್ಲ, ಅದಕ್ಕೇ ಬಡ್ಡಿ ಹೆಚ್ಚು; ಅವನ ತಲೆಯಲ್ಲಿ ಉಳಿದದ್ದು ಬಡ್ಡಿಯೊಂದೇ. ಶಾಲಾ ಸಮವಸ್ತ್ರ ಹೊಲಿಯುವ ತಂಗಿಯದು ಮಾತ್ರ ಸಾಧಾರಣ ಉಳಿತಾಯ ಖಾತೆ.

"ಅದರಲ್ಲಿ ಬರೋ ಬಡ್ಡಿ ಸೂಜಿ ಕೊಳ್ಳೋಕೂ ಸಾಲಲ್ಲ," ಎಂದು ಗಿರಾಕಿಗಳ ಮುಂದೆಯೇ ಅವಳನ್ನು ಆಡಿಕೊಳ್ಳುತ್ತಿದ್ದ.

"ಬೇಕಾದಾಗ ಕೈಗೆ ಸಿಗುತ್ತಲ್ಲಣ್ಣ, ನನಗಷ್ಟೇ ಸಾಕು," ಎನ್ನುತ್ತಿದ್ದಳು ಅವಳು.

ಒಂದು ಬೆಳಗ್ಗೆ ಅವರ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್‌ಗೆ ಮುಂಗಡ ಕಟ್ಟಬೇಕೆಂದರು ಆಸ್ಪತ್ರೆಯವರು. "ನಾನಿಲ್ವಾ?" ಎಂದು ಎದೆ ತಟ್ಟಿಕೊಂಡು ಅವನು ಬ್ಯಾಂಕಿಗೆ ಓಡಿದ.

"ಇದನ್ನ ಮಧ್ಯದಲ್ಲಿ ಮುರಿಯೋಕೆ ಬರಲ್ಲ," ಎಂದಳು ಕೌಂಟರಿನಾಕೆ. "ಅವತ್ತೇ ಹೇಳಿದ್ದೆ ಸಾರ್. ನೀವು ಬಡ್ಡಿ ಎಷ್ಟು ಅಂತ ಮಾತ್ರ ಕೇಳಿದ್ರಿ."

ಬರಿಗೈಯಲ್ಲಿ ಅವನು ಮರಳುವಷ್ಟರಲ್ಲಿ ತಂಗಿ ಹಣ ಕಟ್ಟಿಯಾಗಿತ್ತು. ಅವನನ್ನು ಕಂಡು ರಸೀದಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಆಪರೇಷನ್ ಸುಸೂತ್ರವಾಗಿ ಆಯಿತು. "ಚಿನ್ನದಂಥ ಮಗ ನಿಮ್ಮವನು. ಒಂದೇ ಓಟಕ್ಕೆ ದುಡ್ಡು ತಂದ್ನಲ್ಲ!" ಎಂದಳು ಪಕ್ಕದ ಹಾಸಿಗೆಯ ಹೆಂಗಸು. ತಾಯಿ ಅವನ ಮುಖ ನೋಡಿದರು. ಅವನು ಹೊದಿಕೆಯ ಅಂಚು ಸರಿಮಾಡುತ್ತ ನಿಂತನೇ ಹೊರತು ಅಲ್ಲ ಎನ್ನಲಿಲ್ಲ. ತಂಗಿ ಅಲ್ಲೇ ಕಿತ್ತಳೆ ಸುಲಿಯುತ್ತಿದ್ದಳು.

ಆಮೇಲೆ ಎರಡು ದಿನ ಅವನು ತಾಯಿಯ ಕಣ್ಣು ತಪ್ಪಿಸಿ ಓಡಾಡಿದ. ಕೊನೆಗೊಮ್ಮೆ ತಾಯಿಯೊಬ್ಬರೇ ಇದ್ದಾಗ ಬಾಯಿಬಿಟ್ಟ. "ಅಮ್ಮ, ದುಡ್ಡು ಕಟ್ಟಿದ್ದು ನಾನಲ್ಲ."

"ಗೊತ್ತು ಕಣೋ. ನರ್ಸಮ್ಮ ಅವತ್ತೇ ಹೇಳಿದ್ರು. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

ತಾಯಿ ಕೋಲೂರಿ ನಡೆಯತೊಡಗಿದ ಮೇಲೆ ಅವನು ತಂಗಿಯನ್ನೇ ಕರೆದುಕೊಂಡು ಬ್ಯಾಂಕಿಗೆ ಹೋದ. ಯಾವ ಖಾತೆ ತೆರೆಯಲಿ ಎಂದು ಅವಳನ್ನು ಕೇಳುವಾಗ ದನಿ ಮೇಲೇಳಲಿಲ್ಲ.

"ದುಡ್ಡು ಯಾತಕ್ಕೆ, ಯಾವಾಗ ಬೇಕು ಅನ್ನೋದನ್ನ ಮೊದಲು ಹೇಳಣ್ಣ. ದಿಢೀರ್ ಅಂತ ಬರೋ ಕಷ್ಟಕ್ಕಾದ್ರೆ ಬೇಕಾದಾಗ ತೆಗೆಯೋ ಈ ಖಾತೆ. ವರ್ಷಗಟ್ಟಲೆ ಬೇಡ ಅನ್ನೋ ದುಡ್ಡಿಗೆ ನಿನ್ನ ಠೇವಣಿನೂ ಒಳ್ಳೇದೇ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಉಳಿತಾಯ ಖಾತೆಯ ಅರ್ಜಿಯಲ್ಲಿ ಅವಳು ಬೆರಳಿಟ್ಟು ತೋರಿಸಿದ ಕಡೆ ತಲೆ ತಗ್ಗಿಸಿ ಸಹಿ ಹಾಕಿದ.