ಬಳೆಗೆ ಕೊಟ್ಟ ಕೈ

ಅಲ್ಲ ಸೌಜನ್ಯ, ವಾರಿಜನ ಮೈಮೇಲೆ ಬಂದಿತ್ತು ಅಂತ ನಿಂಗ್ಯಾರು ಹೇಳಿದ್ದು? ಕೂತ್ಕೋ ಇಲ್ಲಿ. ನಿನ್ನ ಬಸ್ಸಿಗೆ ಇನ್ನೂ ಹೊತ್ತುಂಟು. ನಂಗೆ ಅವಳೇ ಕೂತು ಹೇಳಿದ್ದು ಇದು.

ವಾರಿಜ ಅಂದ್ರೆ ನಮ್ಮ ನಾರ್ವೆ ಊರಿನ ಸುಬ್ಬಯ್ಯನ ಎರಡನೇ ಹೆಂಡ್ತಿ. ಮೊದಲನೆಯವಳು ನಾಗವೇಣಿ, ಪಾಪ, ಎರಡನೇ ಬಸಿರಲ್ಲಿ ಏಳು ತಿಂಗಳಿಗೇ ಹೋದ್ಲು. ನಾಳೆ ಸೀಮಂತ ಅಂತ ಹಸಿರು ಬಳೆ ತಂದಿಟ್ಟಿದ್ರು, ಅದು ಹಾಗೇ ಉಳೀತು. ಅವಳ ಮಗಳು ನಿಶ್ಚಿತಾಗೆ ಆಗ ಎರಡು ವರ್ಷ. ವಾರಿಜ ಬಂದ ಮೇಲೆ ಆ ಕೂಸು ಅವಳ ಸೆರಗು ಬಿಟ್ಟದ್ದೇ ಇಲ್ಲ. ಜಡೆ ಹಾಕೋಕೂ ಅವಳೇ ಬೇಕು, ಉಣ್ಣಿಸೋಕೂ ಅವಳೇ. ನಿನ್ನ ಅಮ್ಮ ನನ್ನ ಹೊಟ್ಟೇಲೇ ಹುಟ್ಟಿದವಳು, ಅವಳೇ ನಂಗೆ ಅಷ್ಟು ಅಂಟ್ಕೊಂಡಿರ್ಲಿಲ್ಲ. ಇರ್ಲಿ.

ಈ ವರ್ಷ ವಾರಿಜನ ಕುತ್ತಿಗೆಯ ಥೈರಾಯ್ಡ್ ಗಡ್ಡೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ ತೆಗೆದ್ರು. ಬರುವಾಗ ದಪ್ಪ ಬಿಳಿ ಮಾತ್ರೆ, ಸಣ್ಣ ಕ್ಯಾಪ್ಸೂಲು ಎರಡೂ ಕೊಟ್ಟು, ಇದು ಸುಣ್ಣದ ಅಂಶ, ಒಂದು ದಿನವೂ ಬಿಡಬೇಡಿ ಅಂತ ನರ್ಸು ಹೇಳಿ ಕಳಿಸಿದ್ಲು. ಅಲ್ಲೇ ನೋಡು ಎಡವಟ್ಟಾದದ್ದು. ಸುಣ್ಣ ತಾನೇ, ಅದಕ್ಕೆಂತ ಮಾತ್ರೆ, ದಿನಾ ನಾಲ್ಕು ಎಲೆಗೆ ಸುಣ್ಣ ಸವರಿ ತಿನ್ನು ಸಾಕು ಅಂದ್ಲು ಅತ್ತೆ ಜಲಜಮ್ಮ. ವಾರಿಜಂಗೂ ಅಷ್ಟು ದಪ್ಪ ಮಾತ್ರೆ ಗಂಟಲಲ್ಲಿ ಇಳೀತಿರ್ಲಿಲ್ಲ. ಎರಡೂ ಬಿಟ್ಲು. ಕ್ಯಾಪ್ಸೂಲೂ ಬಿಟ್ಲು.

ವಾರದೊಳಗೆ ತುಟಿ ಸುತ್ತ ಜುಮುಜುಮು, ಬೆರಳ ತುದೀಲಿ ಇರುವೆ ಹರಿದ ಹಾಗೆ. ಊರಿಗೆ ಊರೇ ಚಿಕೂನ್‌ಗುನ್ಯಾ ಅಂತ ಮಲಗಿತ್ತಲ್ಲ, ಇದೂ ಅದೇ ಅಂದ್ಕೊಂಡ್ಲು. ಒಂದು ಬೆಳಿಗ್ಗೆ ಕೂಸಿಗೆ ಜಡೆ ಹಾಕ್ತಾ ಇದ್ದ ಹಾಗೇ ಎರಡೂ ಕೈ ಸೆಟೆದುಕೊಂಡ್ವು. ಮಣಿಕಟ್ಟು ಬಗ್ಗಿ, ಹೆಬ್ಬೆರಳು ಒಳಗೆ ಹೋಗಿ, ಉಳಿದ ಬೆರಳೆಲ್ಲ ನೆಟ್ಟಗೆ ಒಟ್ಟಾಗಿ. ಬಳೆಗಾರನ ಮುಂದೆ ಕೈ ಕೊಡ್ತೀವಲ್ಲ, ಥೇಟ್ ಹಾಗೆ. ಜಲಜಮ್ಮ ನೋಡಿದವಳೇ, ನಾಗವೇಣಿ ಬಳೆ ಕೇಳೋಕೆ ಬಂದಿದ್ದಾಳೆ ಅಂದ್ಲು.

ನಾನು ವಾರಿಜನೇ ಅತ್ತೆ ಅಂತ ಹೇಳ್ಬೇಕು ಅವಳಿಗೆ. ನಾಲಿಗೆ ಏಳೋದಿಲ್ಲ, ಗಂಟಲು ಹಿಡಿದು ಯಾರದೋ ಸ್ವರ ಬರ್ತದೆ. ಹೆದರಿ ಉಸಿರು ಜೋರಾಗಿ ಎಳೆದಷ್ಟೂ ಕೈ ಇನ್ನೂ ಬಿಗಿ. ತನ್ನ ಕೈಯೇ ತನ್ನ ಮೇಲೆ ಸಾಕ್ಷಿ ಹೇಳೋಕೆ ನಿಂತ್ರೆ ಅವಳು ಎಲ್ಲಿಗೆ ಹೋಗ್ಬೇಕು ಮಾರಾಯ್ತಿ?

ಹೆತ್ತವಳು ಜೊತೆಗೆ ಕರ್ಕೊಂಡು ಹೋದಾಳು ಅಂತ ಕೂಸನ್ನ ಜಯಪುರಕ್ಕೆ, ಸುಬ್ಬಯ್ಯನ ಅಕ್ಕ ಕಮಲಕ್ಕನ ಮನೆಗೆ ಕಳಿಸಿದ್ರು. ವಾರಿಜನ್ನ ಕೋಣೆಯಲ್ಲಿಟ್ಟು ಹೊರಗಿಂದ ಚಿಲಕ. ಜಲಜಮ್ಮ ಕೆಟ್ಟವಳಲ್ಲ ಮತ್ತೆ, ಬಿಸಿಬಿಸಿ ಗಂಜಿ ಕೊಡೋಳು, ಬಾಗಿಲ ಹೊರಗೆ ಕೂತು ಸೊಸೆ ಹತ್ರ ಮಾತಾಡೋಳು. ಆದ್ರೆ ಸತ್ತ ಸೊಸೆ ಹತ್ರ.

"ಆವತ್ತೇ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು ಮಗಾ, ನಂದೇ ತಪ್ಪು" ಅಂತ ಅಳೋಳು.

ಒಳಗೆ ವಾರಿಜ ಅದನ್ನ ಕೇಳ್ತಾ ಗೋಡೆಗೆ ಒರಗಿರೋಳು. ನಾನು ನಾಗವೇಣಿ ಅಲ್ಲ ಅಂದ್ರೆ ಯಾರೂ ನಂಬೋದಿಲ್ಲ. ಸುಮ್ನಿದ್ರೆ ಕೂಸು ಕೈ ತಪ್ಪಿ ಹೋಗ್ತದೆ.

ನಾಲ್ಕನೇ ದಿನ ಬಳೆಗಾರ ಜಟ್ಟಪ್ಪನ್ನ ಕರೆಸಿದ್ರು. ಹಸಿರು ಬಳೆ ಏರಿಸ್ತಾ ಇದ್ದ ಹಾಗೇ ಕೈ ಮತ್ತೆ ಸೆಟೆದು, ಗಾಜು ಒಡೆದು ಮಣಿಕಟ್ಟು ಸೀಳಿಬಿಡ್ತು. ಹೊಲಿಗೆ ಹಾಕಿಸದೆ ಉಪಾಯ ಇಲ್ಲ ಅಂತ ಸುಬ್ಬಯ್ಯ ಜೀಪಲ್ಲಿ ಬಾಳೆಹೊನ್ನೂರಿಗೆ ಕರ್ಕೊಂಡು ಹೋದ. ಅತ್ತೆಯೂ ಜೊತೆಗೆ.

ಡಾಕ್ಟ್ರು ಸೋಮಶೇಖರಪ್ಪ ಹೊಲಿಗೆ ಹಾಕ್ತಾ ಅವಳ ಕುತ್ತಿಗೆಯ ಗಾಯದ ಗುರುತು ನೋಡಿದ್ರು. ಮಾತ್ರೆ ತಗೊಳ್ತಿದ್ದೀಯಾ ಅಂತ ಕೇಳಿದ್ರು. ಎಲೆ ಸುಣ್ಣದ ವಿಷಯ, ನಾಗವೇಣಿ ಬಂದ ವಿಷಯ ಎಲ್ಲ ಜಲಜಮ್ಮನೇ ಹೇಳಿದ್ಲು. ಅವರು ಬೈಲಿಲ್ಲ. ಇನ್ನೊಂದು ತೋಳಿಗೆ ಬಿಪಿ ನೋಡೋ ಪಟ್ಟಿ ಸುತ್ತಿ, ಗಾಳಿ ತುಂಬಿ, ಗಡಿಯಾರ ನೋಡ್ತಾ ನಿಂತ್ರು. ಎರಡು ಮೂರು ನಿಮಿಷಕ್ಕೆ ಆ ಕೈ ಬಳೆಗೆ ಕೊಟ್ಟ ಹಾಗೇ ಆಯ್ತು. ಜಲಜಮ್ಮ ಕೈಮುಗಿದ್ಲು.

"ಅಮ್ಮ, ಈಗ ಕರೆಸಿದ್ದು ನಾನು" ಅಂದ್ರು ಡಾಕ್ಟ್ರು. "ಕಳಿಸೋದೂ ನಾನೇ, ನೋಡಿ."

ಗಾಳಿ ಬಿಟ್ರು. ಕೈ ಮೆಲ್ಲಗೆ ಸಡಿಲಾಯ್ತು.

ಒಂದು ನರ ಇನ್ನೊಂದಕ್ಕೆ ಸುದ್ದಿ ದಾಟಿಸೋಕೆ ಈ ಸುಣ್ಣವೇ ಬೇಕಂತೆ. ನರ ಸುಮ್ನೆ ಕೂರೋಕೂ ಅದೇ ಬೇಕು. ರಕ್ತದಲ್ಲಿ ಕಡಿಮೆಯಾದ್ರೆ ಯಾರೂ ಹೇಳದೆ ಇದ್ರೂ ನರ ಕೈಗೆ ಬಿಗಿ, ಬಿಗಿ ಅಂತ ಕೂಗ್ತಾನೇ ಇರ್ತದೆ. ಪಟ್ಟಿ ಬಿಗಿದು ರಕ್ತ ತಡೆದ್ರೆ ಇನ್ನೂ ಜೋರಂತೆ. ಅದರ ಅಳತೆ ಕಾಯೋದು ಕುತ್ತಿಗೆಯಲ್ಲಿ ಥೈರಾಯ್ಡಿಗೆ ಅಂಟ್ಕೊಂಡಿರೋ ನಾಲ್ಕು ಪುಟ್ಟ ಗ್ರಂಥಿ. ಗಡ್ಡೆ ತೆಗೆದವರಲ್ಲಿ ಕೆಲವರಿಗೆ ಅವು ಕೆಲಸ ನಿಲ್ಲಿಸೋದುಂಟಂತೆ. ಆ ಕ್ಯಾಪ್ಸೂಲು ಇಲ್ಲದಿದ್ರೆ ತಿಂದ ಸುಣ್ಣ ರಕ್ತಕ್ಕೆ ಸರಿಯಾಗಿ ಸೇರೋದೇ ಇಲ್ಲ.

ನಿಧಾನಕ್ಕೆ ಸುಣ್ಣದ ಅಂಶದ ಒಂದು ಇಂಜೆಕ್ಷನ್ ಬಿಟ್ರು. ಬೆರಳು ಪೂರ್ತಿ ಬಿಡಿಸಿಕೊಂಡ ಮೇಲೆ ವಾರಿಜ ಕೇಳಿದ್ದು ಒಂದೇ, "ಕೂಸು ಎಲ್ಲಿ?"

ಜಲಜಮ್ಮ ಮಾತ್ರ ಡಾಕ್ಟ್ರ ಮುಖ ನೋಡ್ತಾ, "ಹಂಗಾರೆ ನಾಗವೇಣಿ ಬರ್ಲೇ ಇಲ್ವಾ?" ಅಂದ್ಲು.

ಈಗ ಚಿಲಕ ಇಲ್ಲ. ಮಾತ್ರೆ ತಪ್ಪದೆ ತಗೊಳ್ತಾಳೆ, ಬದುಕಿಡೀ ತಗೋಬೇಕೋ ಏನೋ. ಆದ್ರೂ ಅವಳು ಒಂದು ಲೋಟ ಹಿಡಿದ್ರೆ ಮನೆಯವರ ಕಣ್ಣೆಲ್ಲ ಬೆರಳ ಮೇಲೆ. ಅವಳೂ ಕೈಯನ್ನ ಸೆರಗಿನೊಳಗೆ ಇಟ್ಕೊಂಡೇ ಓಡಾಡ್ತಾಳೆ. ಕೂಸು ಇನ್ನೂ ಜಯಪುರದಲ್ಲೇ. ರಕ್ತ ಪರೀಕ್ಷೆ ಸರಿ ಬರ್ಲಿ, ಆಮೇಲೆ ಕರೆಸೋಣ ಅಂತಾಳೆ ಜಲಜಮ್ಮ. ಸುಬ್ಬಯ್ಯ ತಲೆ ತಗ್ಗಿಸಿ ಹೊರಗೆ ಹೋಗ್ತಾನೆ.

ನೀ ಹೊರಟದ್ದು ಕೊಪ್ಪಕ್ಕಲ್ವಾ? ಬಸ್‌ಸ್ಟ್ಯಾಂಡ್ ಹತ್ರದ ಲ್ಯಾಬಲ್ಲಿ ವಾರಿಜನ ರಿಪೋರ್ಟು ಮಧ್ಯಾಹ್ನ ಸಿಗ್ತದಂತೆ, ಈಸ್ಕೊಂಡು ಬಾ. ದಾರೀಲಿ ಸುಬ್ಬಯ್ಯ ಸಿಕ್ಕಿದ್ರೂ ಕೊಡಬೇಡ. ಜಲಜಮ್ಮನಿಗೂ ಬೇಡ. ನೆಟ್ಟಗೆ ಹೋಗಿ ವಾರಿಜನ ಕೈಗೇ ಕೊಡು.