ಚೌಕಿಯ ಈಚೆ

ಟೆಕ್ಸಾಸಿನ ದಕ್ಷಿಣದ ತುದಿಯಲ್ಲಿ, ನದಿಯ ದಡದ ಊರೊಂದರಲ್ಲಿ ದೊಮಿತಿಲಾ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸಿ ಮಾರಿಕೊಂಡು ಬದುಕಿದವಳು. ಮೆಕ್ಸಿಕೋದಿಂದ ಬಂದವಳು, ಕಾಗದಪತ್ರವಿಲ್ಲ. ದಕ್ಷಿಣಕ್ಕೆ ಗಡಿಯ ನದಿ, ಉತ್ತರಕ್ಕೆ ಕಾಗದ ಕೇಳುವ ಹೆದ್ದಾರಿಯ ಚೌಕಿ. ಮದುವೆ, ಹೆರಿಗೆ, ಗಂಡನ ಸಾವು ಎಲ್ಲವೂ ಆ ಎರಡರ ನಡುವೆಯೇ ಆದವು. ಕಾಗದವಿಲ್ಲದೆ ಚೌಕಿಯಲ್ಲಿ ಸಿಕ್ಕಿಬಿದ್ದವರು ಮನೆಗೆ ಮರಳಿದ್ದಿಲ್ಲ.

ಮಗಳು ಯಾದಿರಾ ಇಲ್ಲೇ ಹುಟ್ಟಿ ಈ ದೇಶದ ಪ್ರಜೆಯಾದವಳು, ಅವಳಿಗೆ ಆ ಭಯವಿಲ್ಲ. ಚೊಚ್ಚಲ ಬಸುರಿ. ಐದನೆಯ ತಿಂಗಳಲ್ಲಿ ಡಾಕ್ಟರು, ಮಗುವಿಗೆ ತಲೆಬುರುಡೆ ಕೂಡಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದರು. ಹಾಗಾದರೆ ತೆಗೆದುಬಿಡಿ ಎಂದರೆ, ಈ ರಾಜ್ಯದ ಕಾನೂನು ಬಿಡುವುದಿಲ್ಲ, ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಹೋಗಿ ಎಂದರು. ಅದನ್ನೂ ದನಿ ತಗ್ಗಿಸಿ ಹೇಳಿದರು.

ದೊಮಿತಿಲಾಳ ಮನಸ್ಸು, ಮಗಳು ಬಸುರಾದ ಮೇಲೆ ಬಂದ ಚಂದ್ರಗ್ರಹಣದ ದಿನಕ್ಕೆ ಹೋಗಿ ನಿಂತಿತು. ಗ್ರಹಣ ಹಿಡಿದಾಗ ಮಗುವಿಗೆ ಊನ ಬಾರದಂತೆ ಬಸುರಿಯ ಒಳಬಟ್ಟೆಗೆ, ಹೊಟ್ಟೆಯ ಹತ್ತಿರ, ಕೆಂಪು ಬಟ್ಟೆಯ ಚೂರು ಸೇರಿಸಿ ಪಿನ್ನು ಚುಚ್ಚಬೇಕು. ಅವತ್ತು ಅವಳು ಪಿನ್ನು ಚುಚ್ಚದೆ ತಮಾಲೆ ಮಾರಲು ಹೋಗಿಬಿಟ್ಟಿದ್ದಳು.

"ಅಮಾ, ಅದು ಗ್ರಹಣಕ್ಕೆ ಮುಂಚೇನೇ ಹಾಗಾಗಿತ್ತಂತೆ. ಡಾಕ್ಟ್ರೇ ಹೇಳಿದ್ರಲ್ಲ."

"ಡಾಕ್ಟ್ರಿಗೆ ಬುರುಡೆ ಗೊತ್ತು. ಚಂದ್ರ ಗೊತ್ತಾ?"

ಚೌಕಿಯ ಆಚೆಯ ಸ್ಯಾನ್ ಆಂಟೋನಿಯೋ ನಗರದಿಂದ ವಿಮಾನ. ಅಲ್ಲಿಯವರೆಗೆ ಯಾದಿರಾ ತಾನೇ ಕಾರು ಓಡಿಸಬೇಕು. ಚೌಕಿಗೆ ಮುಂಚಿನ ಪೆಟ್ರೋಲ್ ಬಂಕಿನವರೆಗೆ ತಾಯಿ ಪಕ್ಕದಲ್ಲಿ ಕೂತು ಹೋದಳು. ಅಳಿಯ ರೊಹೇಲಿಯೊ ಹಳೆಯ ಟ್ರಕ್ಕಿನಲ್ಲಿ ಹಿಂದೆ ಬಂದ. ಅವನೂ ಕಾಗದವಿಲ್ಲದವನೇ.

"ಬಂದ್ಬಿಡು ಅಮಾ," ಎಂದಳು ಯಾದಿರಾ, ಬಂಕಿನಲ್ಲಿ ಕಾರು ನಿಲ್ಲಿಸಿ. "ಈ ದೇಶದವ್ಳಾ ಅಂತ ಕೇಳ್ತಾರೆ. ಯೆಸ್ ಸರ್ ಅಂದ್ರೆ ಮುಗೀತು."

ದೊಮಿತಿಲಾ ದಾರಿಯುದ್ದಕ್ಕೂ ಅದನ್ನೇ ಬಾಯೊಳಗೆ ಹೊರಳಿಸಿದ್ದಳು. "ಜೆಸ್ ಸೇರ್," ಎಂದಳು.

ಯಾದಿರಾ ಪಕಪಕ ನಕ್ಕಳು. "ಅಷ್ಟು ಸಾಕು ಬಿಡು, ನೇರ ಮೆಕ್ಸಿಕೋಗೇ ಬಿಟ್ಟು ಬರ್ತಾರೆ. ಗಾಡಿ ಚಾರ್ಜೂ ಕೇಳಲ್ಲ." ನಗುತ್ತ ನಗುತ್ತಲೇ ಸ್ಟೀರಿಂಗಿಗೆ ಹಣೆ ಹಚ್ಚಿದಳು.

ತಾನು ಸಿಕ್ಕಿಬಿದ್ದರೆ ಮಗಳನ್ನೂ ಅಲ್ಲೇ ಕೂರಿಸುತ್ತಾರೆ, ವಿಮಾನ ತಪ್ಪಿಹೋಗುತ್ತದೆ. ದೊಮಿತಿಲಾ ಬಾಗಿಲು ತೆಗೆದಳು. ಇಳಿಯುವ ಮುಂಚೆ ಮಗಳ ಹಣೆಯ ಮೇಲೆ ಬೆರಳಿನಿಂದ ಶಿಲುಬೆ ಬರೆದಳು. ಆಮೇಲೆ ಕೆಂಪು ಬಟ್ಟೆಯ ಚೂರು ಸೇರಿಸಿದ ಪಿನ್ನನ್ನು ಅವಳ ಒಳಬಟ್ಟೆಯ ಸೊಂಟಪಟ್ಟಿಗೆ ಚುಚ್ಚಿದಳು.

"ಈಗ್ಯಾಕೆ ಅಮಾ?"

"ಸುಮ್ನಿರೇ. ನನ್ ಕೈಲಿ ಇನ್ನೇನಿದೆ?"

ಕಾರು ಹೊರಟಿತು. "ಬನ್ನಿ ಅತ್ತೆ, ಇಲ್ಲಿ ನಿಲ್ಬಾರ್ದು," ಎಂದ ರೊಹೇಲಿಯೊ. ಗಸ್ತಿನ ಗಾಡಿಗಳು ತಿರುಗುವ ಜಾಗ ಅದು. ಮಗಳ ಕಾರು ಕಣ್ಮರೆಯಾಗುವವರೆಗೆ ನೋಡುತ್ತ ನಿಲ್ಲುವುದಕ್ಕೂ ಆಗಲಿಲ್ಲ.

ಮೂರನೆಯ ದಿನ ದೊಮಿತಿಲಾ ಜೋಳದ ಹಿಟ್ಟು ನಾದುತ್ತಿದ್ದಾಗ ಫೋನು ಬಂತು.

"ಆಯ್ತು ಅಮಾ."

"ಪಿನ್ನು?"

"ಬಟ್ಟೆ ಎಲ್ಲಾ ತೆಗೆಸಿದ್ರು. ಪಿನ್ನು ಮುಷ್ಟೀಲಿ ಇಟ್ಕೊಂಡಿದ್ದೆ. ಜೊತೆಗೆ ಯಾರಿದಾರೆ ಅಂತ ನರ್ಸು ಕೇಳಿದ್ಳು. ನಮ್ಮಮ್ಮ ಹೊರಗೆ ಕೂತಿದಾಳೆ ಅಂದ್ಬಿಟ್ಟೆ."

ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ದೊಮಿತಿಲಾ ಬಾಗಿಲು ದಾಟಿದಳು. ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಕೂತಳು.

"ಹೂಂ ಕಣೇ," ಎಂದಳು. "ಹೊರಗೇ ಕೂತಿದೀನಿ."