ಹನ್ನೊಂದು ಬೊಂಬೆಗಳ ತಳದ ತೂತು

ನಾನು ಓದಿದ್ದು ಏಳನೇ ಕ್ಲಾಸು. ಮಾಲೂರಿನ ಇಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ. ನನ್ನ ತಂಗಿ ಓದಿ, ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆದಳು. ಪಾಠದ ಜೊತೆಗೆ ಜೇಡಿಮಣ್ಣಿನಲ್ಲಿ ಶಿಲ್ಪ ಮಾಡಿ ಸುಡುತ್ತಾಳೆ. ಊರಿನವರು ಅದನ್ನು ಬೊಂಬೆ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಅವಳಿಗೆ ಕರೆ ಬಂತು. ಅದು ಅವಳ ಮೊದಲ ದೊಡ್ಡ ಅವಕಾಶ. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತ ಹನ್ನೊಂದು ಹೆಂಗಸರನ್ನು ಮಾಡಿದಳು. ಮೊಣಕಾಲೆತ್ತರ, ಒಳಗೆ ಟೊಳ್ಳು. ಅವರಲ್ಲಿ ನಮ್ಮಮ್ಮನೂ ಇದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಶಾಲೆಯ ಪುಟ್ಟ ಕರೆಂಟ್ ಗೂಡಿನಲ್ಲಿ ಅವು ಹಿಡಿಸುವುದಿಲ್ಲ. ನಮ್ಮ ಓನರನ್ನು ಕೇಳಿ ಇಟ್ಟಿಗೆ ಗೂಡಿನ ಒಂದು ಮೂಲೆ ಬಿಡಿಸಿದೆ.

ಬೊಂಬೆ ಇಳಿಸಿ ಅವಳು ಶಾಲೆಗೆ ಹೋದಳು. ಗೂಡಿಗೆ ಜೋಡಿಸುವಾಗ ನೋಡಿದರೆ ಪ್ರತಿಯೊಂದರ ತಳದಲ್ಲೂ ಕಡಲೆಕಾಳಿನಷ್ಟು ತೂತು.

ಗೂಡಿನ ಮೇಸ್ತ್ರಿ ನಕ್ಕ. "ಏಮಪ್ಪಾ, ನಿನ್ ತಂಗಿ ಊರ್ ಮಕ್ಳಿಗೆಲ್ಲ ಪಾಠ ಹೇಳ್ತಾಳೆ, ತೂತು ಮುಚ್ಚೋದೇ ಮರ್ತವ್ಳೆ!"

ನನಗೆ ಅವಮಾನವಾಯಿತು. ಹಸಿ ಇಟ್ಟಿಗೆಯಲ್ಲಿ ತೂತು ಕಂಡರೆ ಒದ್ದೆ ಮಣ್ಣು ಮೆತ್ತಿ, ಸವರಿಯೇ ಗೂಡಿಗೆ ಕೊಡುವುದು ನಮ್ಮ ಪದ್ಧತಿ. ಹನ್ನೊಂದಕ್ಕೂ ಮೆತ್ತಿದೆ. ತಂಗಿಯ ಮರ್ಯಾದೆ ಉಳಿಸಿದೆ ಅಂದುಕೊಂಡೆ.

ಬೆಂಕಿ ಹಾಕಿದ ದಿನ ಮಧ್ಯಾಹ್ನ ಗೂಡಿನೊಳಗೆ ಢಂ ಎಂದಿತು. ಕೈಲಿದ್ದ ಟೀ ಮೈಮೇಲೆ ಚೆಲ್ಲಿಕೊಂಡೆ. ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಮೇಸ್ತ್ರಿ ಬೀಡಿ ಎಸೆದು ಹಿಂದಕ್ಕೆ ಓಡಿದ. ಉರಿಯುವ ಗೂಡನ್ನು ತೆಗೆಯುವಂತಿಲ್ಲ. ಕೇಳುತ್ತಾ ನಿಂತೆವು.

ಗೂಡು ಆರಿಸಿ ತೆಗೆದಾಗ ತಂಗಿ ಬಂದಿದ್ದಳು. ಇಟ್ಟಿಗೆಗಳ ನಡುವೆ ಬರೀ ಚೂರು. ಅಮ್ಮನ ಒಂದು ಕಿವಿ, ಓಲೆ ಸಮೇತ, ಅವಳ ಕೈಗೆ ಸಿಕ್ಕಿತು. ಅಳಲಿಲ್ಲ. "ಸರಿಯಾಗಿ ಒಣಗ್ಸಿಲ್ಲ ಕಣಣ್ಣ, ನಂದೇ ಆತುರ" ಅಂದಳು. ಹಾಗೇ ಇರಬೇಕು ಅಂತ ನಾನೂ ನಂಬಿದೆ. ಅವತ್ತಿನಿಂದ ಅವಳು ದೀಪ, ಗುಬ್ಬಿ ಬಿಟ್ಟು ದೊಡ್ಡದೇನನ್ನೂ ಮಾಡಲಿಲ್ಲ.

ಹೋದ ವರ್ಷ ಮಣ್ಣಿನ ಮೂಟೆ ಕೊಡಲು ಅವಳ ಶಾಲೆಗೆ ಹೋಗಿದ್ದೆ. ಅವಳು ಮಣ್ಣಿನ ಆನೆಯೊಂದನ್ನು ಮಗುಚಿ ಹಿಡಿದು ಮಕ್ಕಳಿಗೆ ತೋರಿಸುತ್ತಿದ್ದಳು.

"ಈ ತೂತು ಯಾಕೆ ಬಿಟ್ಟಿದೀನಿ ಹೇಳಿ? ಒಳಗಿನ ಆವಿ ಆಚೆ ಹೋಗೋಕೆ. ಮುಚ್ಚಿದ್ರೆ ಗೂಡಲ್ಲಿ ಬಾಂಬ್ ಥರ ಸಿಡಿಯುತ್ತೆ."

"ನಿಮ್ದು ಸಿಡಿದಿದ್ಯಾ ಮಿಸ್?" ಎಂದಳು ಒಬ್ಬ ಹುಡುಗಿ.

"ಹನ್ನೊಂದು. ತೂತು ಬಿಟ್ಟಿದ್ದೆ. ಒಣಗೋವರೆಗೂ ಕಾಯ್ಲಿಲ್ಲ. ನೀವು ನನ್ ಥರ ಮಾಡ್ಬೇಡಿ."

ಮೂಟೆಯನ್ನು ಬಾಗಿಲಲ್ಲೇ ಇಳಿಸಿ, ಅವಳಿಗೆ ಮುಖ ತೋರಿಸದೆ ಬಸ್ ಹತ್ತಿದೆ.

ಅದಾದ ಮೇಲೂ ಒಂಬತ್ತು ತಿಂಗಳು ಬಾಯಿ ಬಿಡಲಿಲ್ಲ. ನೆಂಟರ ಮುಂದೆಲ್ಲ ಅವಳು, "ನಮ್ಮಣ್ಣ ಇಲ್ದಿದ್ರೆ ನಂಗೆ ಗೂಡೇ ಸಿಕ್ತಿರ್ಲಿಲ್ಲ" ಅನ್ನುತ್ತಿದ್ದಳು. ಆ ಮಾತು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ನನ್ನ ತಪ್ಪು ಇದೇ. ತೂತು ಮುಚ್ಚಿದ್ದು ತಿಳಿಯದೆ, ಬಾಯಿ ಮುಚ್ಚಿಕೊಂಡಿದ್ದು ತಿಳಿದೂ ತಿಳಿದೂ.

ಈ ಬೇಸಿಗೆಯಲ್ಲಿ ಮತ್ತೆ ಅದೇ ಪ್ರದರ್ಶನದವರು ಕರೆದರು. ಭಾನುವಾರ ಅವಳ ಮನೆಯಲ್ಲಿದ್ದೆ. "ದೊಡ್ಡದು ನನ್ ಕೈಯಲ್ಲಿ ಆಗಲ್ಲ ಅಂತ ಹೇಳ್ಬಿಡ್ತೀನಿ" ಎಂದು ಫೋನ್ ತೆಗೆದುಕೊಂಡಳು.

"ಫೋನ್ ಮಾಡ್ಬೇಡ" ಅಂದೆ. "ತೂತು ಮುಚ್ಚಿದ್ದು ನಾನು. ಹನ್ನೊಂದೂ."

ಅವಳು ನನ್ನನ್ನೇ ನೋಡಿದಳು. "ಯಾವಾಗ್ ಗೊತ್ತಾಯ್ತು ನಿಂಗೆ?"

ಹೇಳಿದೆ.

"ಒಂಬತ್ತು ತಿಂಗಳು" ಅಂದಳು. "ಆ ಮಕ್ಳ ಮುಂದೆ ನನ್ನ ನಾನೇ ಬೈಕೊಂಡಿದ್ದು ಕೇಳ್ಕೊಂಡು ಹೋದ್ಯಾ ಅಣ್ಣ?"

ಅವಳು ಆಚೆ ಹೋಗಿ ಫೋನ್ ಮಾಡಿದಳು. ಬರುತ್ತೇನೆ ಅಂತ ಹೇಳಿದ್ದು ನನಗೂ ಕೇಳಿಸಿತು. ಒಳಗೆ ಬಂದವಳು, "ಸುಡೋದು ನಿಮ್ ಗೂಡಲ್ಲಿ ಅಲ್ಲ" ಎಂದಳು.